ಬಿರುಗಾಳಿಗಿಂತ ಮುಂಚೆ ಬಂದ ಮಾತು

1970ರ ನವೆಂಬರ್ 12ರ ರಾತ್ರಿ ಚಂಡಮಾರುತವೊಂದು ಅಂದಿನ ಪೂರ್ವ ಪಾಕಿಸ್ತಾನದ ತೀರಕ್ಕೆ ಎರಗಿತು. 3 ಲಕ್ಷ ಜನರಾದರೂ ಮಡಿದರೆಂದು ಅಂದಾಜು. ಮುನ್ಸೂಚನೆಯೇ ಇರಲಿಲ್ಲವೆಂದು ನೀವು ಭಾವಿಸಬಹುದು. ಇತ್ತು, ರೇಡಿಯೋದಲ್ಲಿ ಅನೇಕರು ಕೇಳಿಯೂ ಇದ್ದರು. ಆದರೆ ನಂಬಿಸಿ ಹೊರಡಿಸುವವರಿರಲಿಲ್ಲ. ಹೊರಟರೆ ಸೇರುವ ಎಡೆಯೂ ವಿರಳ.

ಯುದ್ಧದಿಂದ ಬಸವಳಿದು ಹುಟ್ಟಿದ ಬಾಂಗ್ಲಾದೇಶದ ಬೊಕ್ಕಸ ಬರಿದಾಗಿತ್ತು. 1972ರಲ್ಲಿ ರೆಡ್‌ಕ್ರಾಸ್ ಅಲ್ಲಿ ಚಂಡಮಾರುತ ಸಿದ್ಧತಾ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷ ಸರ್ಕಾರವೂ ಹೊಣೆ ಹೊತ್ತಿತು. ಅದರ ಬಂಡವಾಳವೇನು ಬಲ್ಲಿರಾ? ಸಂಬಳವಿಲ್ಲದ ಸ್ವಯಂಸೇವಕರು, ಟ್ರಾನ್ಸಿಸ್ಟರ್, ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ಬಾವುಟ. ಢಾಕಾದ ಹವಾಮಾನ ಕಚೇರಿಯ ಎಚ್ಚರಿಕೆ ನಿಸ್ತಂತುವಿನ ಮೂಲಕ ಹಳ್ಳಿಗಳಿಗೆ ಇಳಿದು, ಕೊನೆಗೆ ಗುರುತಿನ ನೆರೆಯವನ ಬಾಯಿಂದ ಮನೆಬಾಗಿಲಿಗೆ ಬರುವುದು.

ಬರಿಯ ಮಾತು ಸಾಲದೆಂಬುದನ್ನು 1991ರ ಚಂಡಮಾರುತ ತೋರಿಸಿತು. ಆಶ್ರಯ ಕಟ್ಟಡಗಳು ಕಡಮೆಯಿದ್ದ ಆ ವರ್ಷ ಸುಮಾರು 1,38,000 ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಹೆಚ್ಚು. ಬಳಿಕ ಕಟ್ಟಡಗಳು ಎದ್ದವು. ಈಗಿನ ಸುಮಾರು 76,000 ಸ್ವಯಂಸೇವಕರಲ್ಲಿ ಅರ್ಧದಷ್ಟು ಹೆಂಗಸರೇ. 2007ರ ಸಿದ್ರ್ ಚಂಡಮಾರುತ ಬಲು ಪ್ರಚಂಡವಾದುದು. ಸತ್ತವರು 3,000ಕ್ಕೂ ಮೇಲೆ. ಅದೂ ಸಣ್ಣ ಸಂಖ್ಯೆಯಲ್ಲ. ಆದರೆ ಲಕ್ಷಗಳ ಲೆಕ್ಕ ಸಾವಿರಕ್ಕೆ ಇಳಿದಿತ್ತು.

ಬಾನುಲಿಯಲ್ಲಿ ಬಿರುಗಾಳಿಯ ಸೂಚನೆ ಕೇಳಿದಾಗ, ವಾಚಕರೇ, ಅದನ್ನು ಪಕ್ಕದ ಮನೆಗೂ ಮುಟ್ಟಿಸಿರಿ.