ನಾಲ್ಕು ಗಂಟೆಗೊಮ್ಮೆ ಒಂದು ಮಾತ್ರೆ

ಮನೆಯ ಹಿರಿಯರೊಬ್ಬರು ಕೊನೆಯ ಹಾಸಿಗೆ ಹಿಡಿದಾಗ ಕೆಲಸ ತಾನಾಗಿಯೇ ಹಂಚಿಕೆಯಾಗುವುದನ್ನು ನೀವು ಕಂಡಿರಬಹುದು. ಸೊಸೆ ಗಂಜಿ ಕುಡಿಸುತ್ತಾಳೆ, ಮಗ ಮಗ್ಗುಲು ಬದಲಿಸುತ್ತಾನೆ, ಮೊಮ್ಮಗ ಔಷಧದಂಗಡಿಗೆ ಓಡುತ್ತಾನೆ. ಹಂಚಿಕೆ ಎಂದೆ, ರಾತ್ರಿ ನಿದ್ದೆಗೆಟ್ಟು ಕೂರುವ ಪಾಳಿ ಮಾತ್ರ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಆದರೆ ಕ್ಯಾನ್ಸರಿನಂಥ ರೋಗದಲ್ಲಿ ನೋವು ಉಲ್ಬಣಿಸಿದಾಗ ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ. ಈ ನೋವನ್ನು ಮನೆಯವರೇ ನಿಭಾಯಿಸುವಂತಾದ ಇತಿಹಾಸ ಬಹಳ ಹಳೆಯದೇನಲ್ಲ.

ಸಿಸಿಲಿ ಸಾಂಡರ್ಸ್ ಮೊದಲು ದಾದಿ, ಅನಂತರ ಆಸ್ಪತ್ರೆಯ ಸಮಾಜ ಸೇವಕಿ, 1957ರಲ್ಲಿ ವೈದ್ಯೆ. 1967ರಲ್ಲಿ ಆಕೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ನೋವು ಮರುಕಳಿಸುವವರೆಗೆ ಕಾಯಬೇಡಿ, ಗಡಿಯಾರ ನೋಡಿ ಬಾಯಿಯ ಮೂಲಕವೇ ಮಾರ್ಫಿನ್ ಕೊಡಿ ಎಂಬುದು ಅವರ ಕ್ರಮ. ಇದರ ಮಹತ್ವವನ್ನು ಗಮನಿಸಿ: ಬಾಯಿಗೆ ಹಾಕುವ ಔಷಧಕ್ಕೆ ಸೂಜಿ ಬೇಡ, ಆದುದರಿಂದ ಅಕ್ಷರ ಬಾರದ ಅಜ್ಜಿಯೂ ಅದನ್ನು ಕೊಡಬಲ್ಲಳು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಹೀಗೆ ಮನೆಯ ದಿನಚರಿಯೇ ಅದರ ಸುತ್ತ ಕಟ್ಟಿಕೊಳ್ಳುತ್ತದೆ. ರಾತ್ರಿಯ ಪ್ರಮಾಣವನ್ನು ವೈದ್ಯರು ಹೆಚ್ಚಿಸಿಕೊಡುವುದುಂಟು. ರೋಗಿಯೂ ಕಾಯುವವರೂ ಬೆಳಗಿನವರೆಗೆ ಮಲಗಲೆಂದು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನೇ ಎಲ್ಲ ದೇಶಗಳಿಗೂ ಸೂಚಿಸಿತು.

ಭಾರತದ ಸ್ಥಿತಿಯಾದರೋ ವಿಚಿತ್ರ. ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಪರವಾನಗಿಯ ಮೇಲೆ ಗಸಗಸೆ ಬೆಳೆದು, ಅಫೀಮನ್ನು ಪರದೇಶಗಳಿಗೆ ಔಷಧಕ್ಕಾಗಿ ಕಳುಹಿಸುವ ದೇಶ ನಮ್ಮದು. 1985ರ ಮಾದಕ ವಸ್ತುಗಳ ಕಾಯಿದೆ ಕಳ್ಳಸಾಗಣೆಯನ್ನು ತಡೆಯಲು ಬಂತು. ಕನಿಷ್ಠ ಹತ್ತು ವರ್ಷಗಳ ಸೆರೆವಾಸದ ಭಯ, ಹಲವು ಇಲಾಖೆಗಳ ಪರವಾನಗಿ. ಔಷಧದಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ನಿನ ಗೊಡವೆಯೇ ಬೇಡವೆಂದವು. ಕಾಯಿದೆ ವೈದ್ಯಕೀಯ ಬಳಕೆಯನ್ನು ನಿಷೇಧಿಸಿರಲಿಲ್ಲ. ಆದರೂ ನರಳಿದವರು ರೋಗಿಗಳು.

1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಉಪಶಾಮಕ ಆರೈಕೆಯ ಸಂಘವನ್ನು ಕಟ್ಟಿದರು. ಮಾತ್ರೆ ಕೊಡುವುದು, ಹುಣ್ಣು ತೊಳೆಯುವುದು, ಬೆನ್ನು ಹುಣ್ಣಾಗದಂತೆ ಹೊರಳಿಸುವುದು, ಇವೆಲ್ಲವನ್ನೂ ಮನೆಯವರಿಗೇ ಕಲಿಸಿದರು. ಆದರೆ ದುಡಿಯುವವನೇ ಹಾಸಿಗೆ ಹಿಡಿದ ಬಡ ಮನೆಯಲ್ಲಿ ಹಂಚಿಕೊಳ್ಳಲು ಯಾರಿದ್ದಾರೆ? ಹೆಂಡತಿ ಕೂಲಿಗೆ ಹೋಗಬೇಕೋ, ಪಕ್ಕದಲ್ಲಿ ಕೂರಬೇಕೋ? ಈ ಪ್ರಶ್ನೆಗೆ ಉತ್ತರವಾಗಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ತರಬೇತಿ ಪಡೆದು ಸೇರಬಹುದಿತ್ತು. ಅವರಲ್ಲಿ ನಿಮ್ಮಂಥ ವಿದ್ಯಾರ್ಥಿಗಳೂ ಇದ್ದರು. ರೋಗಿಯ ಮನೆಗೆ ಅಕ್ಕಿ ತಲುಪಿಸುವುದೂ ಮಕ್ಕಳ ಶಾಲೆಯ ವೆಚ್ಚವೂ ಆರೈಕೆಯ ಭಾಗವೇ ಆಯಿತು. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ಆರೋಗ್ಯ ನೀತಿಗೆ ಸೇರಿಸಿಕೊಂಡಿತು. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಸೇವೆಗಾಗಿ 1994ರಲ್ಲಿ ಹಾಸ್ಪೈಸ್ ಟ್ರಸ್ಟ್ ಹುಟ್ಟಿತು, ಕರುಣಾಶ್ರಯ ಅದರದೇ.

ಪರವಾನಗಿಯ ತೊಡಕನ್ನು ಸಂಸತ್ತು ಸಡಿಲಿಸಿದ್ದು 2014ರಲ್ಲಿ. ಮೂರು ವರ್ಷಗಳ ತರುವಾಯ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿದಾಗ, ಇಂಥ ನೋವಿಗೆ ಭಾರತದಲ್ಲಿ ಬೇಕಾದ ಔಷಧದ ಶೇಕಡಾ 4ರಷ್ಟು ಮಾತ್ರ ರೋಗಿಗಳಿಗೆ ದೊರೆಯುತ್ತಿತ್ತು.