ಇಳಿಯುವ ದಿನ ಗೊತ್ತಿದ್ದ ಬಟ್ಟೆ

ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ತರೀಕೆರೆ ಸೀಮೆಯ ಅಮೃತಾಪುರದಲ್ಲಿ ಕಟ್ಟಿಸಿದ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಕಥೆಗಳು ಸಾಲುಸಾಲು ಕೆತ್ತನೆಯಾಗಿವೆ. ಕಟ್ಟಡದ ಮುಖ ಎಂದೆಂದಿಗೂ ಹಾಗೇ ಉಳಿಯಬೇಕು ಎಂಬ ಹಟ ಅದು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಊರುಗಳು ಇದಕ್ಕೆ ತದ್ವಿರುದ್ಧವಾದ ಕಟ್ಟಡವೊಂದನ್ನೂ ಬಲ್ಲವು. ಅದು ತೇರು. ಕೆತ್ತನೆಯ ಮರದ ಅಡಿ ವರ್ಷವಿಡೀ ಬರಿದಾಗಿ ನಿಂತಿರುತ್ತದೆ. ಜಾತ್ರೆ ಹತ್ತಿರವಾದಾಗ ಅದರ ಮೇಲೆ ಬಿದಿರು ಗಳ, ಹಗ್ಗಗಳಲ್ಲಿ ಗೋಪುರ ಏಳುತ್ತದೆ. ಬಣ್ಣದ ಬಟ್ಟೆ, ಬಾವುಟಗಳು ಅದಕ್ಕೆ ಗೋಡೆಯಾಗುತ್ತವೆ. ತೇರೆಳೆದು ಕೆಲವು ದಿನಕ್ಕೆ ಎಲ್ಲ ಬಿಚ್ಚಿ ಒಳಸೇರುತ್ತದೆ. ಬಟ್ಟೆಯಲ್ಲಿ ಕಟ್ಟಡಕ್ಕೆ ಹೊಸ ಮುಖ ಕೊಡುವ ಆಸೆ ನಮಗೆ ಫ್ಲೆಕ್ಸ್ ಜೊತೆ ಬಂದದ್ದಲ್ಲ. ಹಳೆಯ ರೂಢಿಯಲ್ಲಿ ಏರಿಸುವ ದಿನದಷ್ಟೇ ಇಳಿಸುವ ದಿನವೂ ನಿಗದಿಯಾಗಿತ್ತು, ನಾವು ಕಳೆದುಕೊಂಡದ್ದು ಆ ಎರಡನೆಯ ದಿನವನ್ನು ಎಂಬುದು ನನ್ನ ವಾದ.

ತೇರು ಭಕ್ತಿಯದು, ಫ್ಲೆಕ್ಸ್ ಪ್ರಚಾರದ್ದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎನ್ನುವವರಿದ್ದಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯನ್ನು ನೋಡಿ. ತಿಪ್ಪೇರುದ್ರಸ್ವಾಮಿ ತೇರಿನ ಮುಕ್ತಿ ಬಾವುಟ ಹರಾಜಾಗುತ್ತದೆ, ಲಕ್ಷಗಟ್ಟಲೆ ಕೊಟ್ಟು ಅದನ್ನು ಪಡೆಯಲು ರಾಜಕಾರಣಿಗಳೂ ಮುಂದಾಗುತ್ತಾರೆ. ಹಣ, ಹೆಸರು, ಪೈಪೋಟಿ ಅಲ್ಲೂ ಇವೆ. ಆದರೂ ಆ ಬಟ್ಟೆ ಯಾರ ಗೋಡೆಯ ಮೇಲೂ ವರ್ಷಗಟ್ಟಲೆ ಕೂತು ಹರಿಯುವುದಿಲ್ಲ. ಜಾತ್ರೆಯ ಕಟ್ಟುಪಾಡು ಹಣಕ್ಕೂ ಅಷ್ಟು ಮಿತಿ ಹಾಕಿದೆ.

ಇನ್ನು ಕೆಲವರು ದೋಷವನ್ನೆಲ್ಲ ವಸ್ತುವಿನ ಮೇಲೆ ಹೊರಿಸುತ್ತಾರೆ. ಫ್ಲೆಕ್ಸ್ ಒಳಗಿರುವುದೂ ನೇಯ್ಗೆಯೇ: ಪಾಲಿಯೆಸ್ಟರ್ ನೂಲಿನ ಜಾಲ, ಅದರ ಎರಡೂ ಬದಿಗೆ ಪಿವಿಸಿ. ಆ ಪಿವಿಸಿಯಿಂದಾಗಿ ಅದು ಮಣ್ಣಲ್ಲಿ ಕರಗದು, ಸುಟ್ಟರೆ ವಿಷಗಾಳಿ. 2016ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಬ್ರಷ್ಷು ಹಿಡಿದು ಬಟ್ಟೆಯ ಮೇಲೆ ಬರೆಯುತ್ತಿದ್ದ ಕಲಾವಿದರ ಅನ್ನ ಕಸಿದದ್ದೂ ಇದೇ ಅಗ್ಗದ ಮುದ್ರಣ. ಆದರೆ ಖಾದಿಯ ಬ್ಯಾನರೇ ಆದರೂ ಹಬ್ಬ ಮುಗಿದು ಆರು ತಿಂಗಳು ಬಸ್ ನಿಲ್ದಾಣದ ಮುಖ ಮುಚ್ಚಿದ್ದರೆ ಅದು ಊರಿಗೆ ಬಗೆದ ಅನ್ಯಾಯವೇ. 1995ರಲ್ಲಿ ಕ್ರಿಸ್ಟೊ, ಜೀನ್ ಕ್ಲೋಡ್ ಎಂಬ ಕಲಾವಿದ ದಂಪತಿ ಬರ್ಲಿನ್ನಿನ ಸಂಸತ್ ಭವನವನ್ನು ಲಕ್ಷ ಚದರ ಮೀಟರಿಗೂ ಮೀರಿದ ಬಟ್ಟೆಯಿಂದ ಸುತ್ತಿದಾಗ ಆ ಬಟ್ಟೆಯೂ ಪ್ಲಾಸ್ಟಿಕ್ ನೂಲಿನದೇ ಆಗಿತ್ತು. ಹದಿನಾಲ್ಕು ದಿನ ಎಂದಿದ್ದರು, ಹದಿನಾಲ್ಕು ದಿನಕ್ಕೇ ತೆಗೆದರು.

ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೇ ಇದೆ. ಕಡೂರು, ತರೀಕೆರೆಯ ಪುರಸಭೆಗಳು ಬ್ಯಾನರಿನ ಅನುಮತಿ ಚೀಟಿಯ ಮೊದಲ ಸಾಲಲ್ಲೇ ಇಳಿಸುವ ದಿನವನ್ನೂ ಇಳಿಸಬೇಕಾದವರ ಹೆಸರನ್ನೂ ಬರೆಸಲಿ. ಬ್ಯಾನರಿನ ಮೂಲೆಯಲ್ಲೂ ಅದು ಓದುವಷ್ಟು ದೊಡ್ಡದಾಗಿ ಅಚ್ಚಾಗಿರಲಿ.