ಅರ್ಥಕ್ಕಿಂತ ಮೊದಲು ಮುಟ್ಟುವ ದನಿ

ಕನ್ಯಾನದಂತಹ ಗಡಿಯೂರಿನಲ್ಲಿ ಬಯಲಾಟದ ರಾತ್ರಿ ಮೊದಲು ಕಿವಿಗೆ ಬೀಳುವುದು ಚೆಂಡೆ. ಗುಡ್ಡ ಇಳಿದು, ಅಡಿಕೆ ತೋಟ ದಾಟಿ ಗದ್ದೆಯ ಹತ್ತಿರ ಬಂದಂತೆ ಭಾಗವತರ ದನಿ ಕೇಳತೊಡಗುತ್ತದೆ. ಪದ್ಯದ ಮಾತು ಇನ್ನೂ ಸ್ಪಷ್ಟವಿರುವುದಿಲ್ಲ. ಆದರೂ ರಂಗದಲ್ಲಿ ನಡೆಯುತ್ತಿರುವುದು ಯುದ್ಧವೋ ದುಃಖವೋ ಎಂಬುದು ನಮಗೆ ತಿಳಿದುಬಿಡುತ್ತದೆ.

ಹಾಡಿನಲ್ಲಿ ದನಿಯ ಕೆಲಸ ಮಾತನ್ನು ತಲುಪಿಸುವುದಷ್ಟೇ ಎಂದು ನಾವು ತಿಳಿಯುತ್ತೇವೆ. ದೂರದ ದೇಶದ ಸಂಗೀತವೊಂದು ಈ ತಿಳಿವಳಿಕೆಯನ್ನು ಪರೀಕ್ಷೆಗೆ ಒಡ್ಡಿದೆ. ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ಗಾಯಕ ಮುಂದೆ, ಗಿಟಾರು ಡ್ರಮ್ಮುಗಳು ಅವನ ಬೆನ್ನಿಗೆ. ಈ ಕಟ್ಟನ್ನು ಸಡಿಲಿಸಿ ವಾದ್ಯಗಳ ನಾದಕ್ಕೇ ಮಹತ್ವ ಕೊಟ್ಟ ಪ್ರಯೋಗಗಳನ್ನು ಬ್ರಿಟನ್ನಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ 'ಪೋಸ್ಟ್ ರಾಕ್' ಎಂದು ಕರೆದರು. ಇಂತಹ ಅನೇಕ ತಂಡಗಳು ಗಾಯಕನನ್ನೇ ಕೈಬಿಟ್ಟವು. ಐಸ್‌ಲ್ಯಾಂಡಿನ ಸಿಗುರ್ ರೋಸ್ ತಂಡ ಕೈಬಿಡಲಿಲ್ಲ. 2002ರ ಅವರ ಆಲ್ಬಮ್ಮಿಗೆ ಹೆಸರಿನ ಬದಲು ಎರಡು ಆವರಣ ಚಿಹ್ನೆಗಳಿವೆ. ಅದರ ಎಂಟು ಹಾಡುಗಳನ್ನೂ ಗಾಯಕ ಯೋನ್ಸಿ ಯಾವ ಭಾಷೆಗೂ ಸೇರದ ಉಚ್ಚಾರಗಳಲ್ಲಿ ಹಾಡಿದ್ದಾರೆ. ಜೊತೆಗಿದ್ದ ಪುಸ್ತಿಕೆಯ ಪುಟಗಳು ಖಾಲಿ. ಕೇಳುಗರು ತಮಗೆ ಹೊಳೆದದ್ದನ್ನು ಬರೆದುಕೊಳ್ಳಬಹುದಿತ್ತು. ಆ ದನಿಯನ್ನು ತೆಗೆದರೆ ಉಳಿಯುವುದು ನಿರ್ಜನ ಬಯಲು. ದನಿ ಸೇರಿದೊಡನೆ ಆ ಬಯಲಲ್ಲಿ ಯಾರೋ ನಮ್ಮೊಡನೆ ಇದ್ದಾರೆ ಎನಿಸುತ್ತದೆ.

ಭಾಗವತಿಕೆಯಲ್ಲಿ ಕಥೆಯಿದೆ, ಅರ್ಥವಿದೆ. ಆದರೆ ದೂರದಲ್ಲಿ ನಿಂತವನಿಗೆ ಅಲ್ಲಿಯೂ ಮೊದಲು ತಲುಪುವುದು ದನಿಯೇ. ಬಲಿಪ ನಾರಾಯಣ ಭಾಗವತರದು ಅಂತಹ ದನಿ. ಕನ್ಯಾನದಿಂದ ಗಡಿಯಾಚೆ, ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಅವರು ಮೂಡಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದರು. ತಮ್ಮದೇ ಹೆಸರಿನ ಅಜ್ಜನಿಂದ ಹಾಡಿಕೆ ಕಲಿತರು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಐದು ದಿನಗಳ 'ದೇವಿ ಮಹಾತ್ಮೆ' ಪ್ರಸಂಗವನ್ನೂ ರಚಿಸಿದರು. ಅವರ ಏರುಶ್ರುತಿ ಮೈಕಿಲ್ಲದ ಕಾಲದ ಬಳುವಳಿ. ಚೆಂಡೆಯ ಅಬ್ಬರವನ್ನು ಮೀರಿ, ಗದ್ದೆಯ ಕೊನೆಯಲ್ಲಿ ಕುಳಿತವನನ್ನೂ ಮುಟ್ಟಬೇಕಾದ ದನಿ ಅದು. ಮೈಕು ಬಂದ ಮೇಲೆ ಆ ಅಗತ್ಯ ತಪ್ಪಿತು; ಶಾಸ್ತ್ರೀಯ ಸಂಗೀತದ ಆಲಾಪನೆಗೆ ರಂಗದಲ್ಲಿ ಜಾಗ ಹೆಚ್ಚಿತು. ಬಲಿಪರು ಹಳೆಯ ಮಟ್ಟನ್ನು ಬಿಡಲಿಲ್ಲ. ಜನ ಅದನ್ನು 'ಬಲಿಪ ಶೈಲಿ' ಎಂದೇ ಗುರುತಿಸಿದರು.

2022ರಲ್ಲಿ ಮಗ, ಭಾಗವತ ಬಲಿಪ ಪ್ರಸಾದರು ತೀರಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ತಂದೆಯೂ ಹೋದರು. ಧ್ವನಿಮುದ್ರಣಗಳು ಉಳಿದಿವೆ. ಆದರೆ ಅವನ್ನು ಕೇಳುವಾಗ ಯಾವ ದನಿಯನ್ನಾದರೂ ಬೆರಳ ತುದಿಯಲ್ಲಿ ಏರಿಸಬಹುದು. ಮನುಷ್ಯನೊಬ್ಬ ಬರಿಯ ಕೊರಳಿನಿಂದ ಕತ್ತಲನ್ನು ದಾಟಬೇಕಾಗಿದ್ದ ದೂರ ಅಲ್ಲಿ ಕೇಳಿಸುವುದಿಲ್ಲ.

ಪ್ರಸಂಗಗಳ ಪದ್ಯಗಳನ್ನು ನಾವು ಅಚ್ಚು ಹಾಕಿ ಕಾಪಾಡಿದ್ದೇವೆ. ಅವುಗಳ ಮಟ್ಟು ಮಾತ್ರ ಕೊರಳಿನಿಂದ ಕೊರಳಿಗೆ ಬಂದದ್ದು. ಎದುರು ಕುಳಿತು ಕಲಿಯುವ ಮಕ್ಕಳು ಇರುವಷ್ಟು ಕಾಲ ಅದಕ್ಕೆ ಆಯುಸ್ಸು.